ಷರಾ

ನಿಮ್ಮ ಆರ್ಡರ್ ಫಾರ್ಮಿನಲ್ಲಿ ಬಣ್ಣಕ್ಕೆ ಮೂರು ಚೌಕ:
ಕಪ್ಪು, ಬಿಳಿ, ಸುಟ್ಟ ಬೆಲ್ಲದ ಕಂದು.
ಸಂಖ್ಯೆಗೊಂದು. ಪಿನ್‌ಕೋಡಿಗೆ ಆರು.
ಎಲ್ಲಕ್ಕೂ ಕೆಳಗೆ, ಬೆರಳಗಲದ ಜಾಗದಲ್ಲಿ,
ಷರಾ.

ನಾನು ಸುಗಂಧಾ ಮೇಸ್ತಾ, ಕೋಡಿಬಾಗ ರಸ್ತೆ, ಕಾರವಾರ.
ಹನ್ನೊಂದು ವರ್ಷದಿಂದ ಈ ಬೆರಳಗಲದೊಳಗೆ
ಇಡೀ ಊರನ್ನು ತುರುಕಿ ಕಳಿಸುತ್ತಿದ್ದೇನೆ.

ನೇವಿಯ ಹುಡುಗನಿಗೆ ನಡುವಿನ ಪಿಕಪ್ ಬೇಡ,
ಕೈಗೆ ಅಡ್ಡ ಬರುತ್ತದಂತೆ.
ತೆಗೆದು ತೂತು ಮುಚ್ಚಬೇಕು,
ಮುಚ್ಚಿದ್ದು ಮಾತ್ರ ಕಾಣಬಾರದು.
ಮದುವೆ ಬ್ಯಾಂಡಿನ ಇನಾಸ, ಮಾಜಾಳಿಯವನು,
ಮೂರು ನಾಬಿನಲ್ಲಿ ಎರಡು ಸಾಕು ಅನ್ನುತ್ತಾನೆ.
ಮೂರನೆಯದು ಮನೆಅಳಿಯ, ಸುಮ್ಮನೆ ಕೂತಿರುತ್ತದೆ.
ಅಂಕೋಲೆಯಿಂದ ಬರುವ ಗಾಂವಕರ ಮಾಸ್ತರರಿಗೆ
ಫ್ರೆಟ್ಟುಗಳನ್ನೇ ಕಿತ್ತು ಕೊಡಬೇಕು.
ಭೀಮಪಲಾಸದ ಗಾಂಧಾರ
ಈ ಕಂಬಿಗೂ ಆ ಕಂಬಿಗೂ ನಡುವೆ ಎಲ್ಲೋ ಕೂತಿದೆ,
ಹೊರಗೆ ಬರಲು ದಾರಿ ಬಿಡಿ, ಎಂದರು.
ಕುಮಟೆಯ ಪ್ರಣೀತಾಳಿಗೆ ಕಂದು ಬೇಕು, ಎಡಗೈಯದು.
ಎಡಗೈಯದು ಕಪ್ಪಿನಲ್ಲಷ್ಟೇ ಬರುತ್ತದೆ ಅಂದೆ.
ಯಾಕೆ? ಅಂದಳು.
ಅದನ್ನೂ ಷರಾದಲ್ಲಿ ಬರೆದೆ: ಯಾಕೆ?

ನೀವು ಪ್ರತಿಸಲ ಒಂದೇ ಸಾಲು ಬರೆಯುತ್ತೀರಿ:
ಉತ್ಪಾದನೆಯ ಸಾಲಿನಲ್ಲಿ ಅವಕಾಶವಿಲ್ಲ, ಕನಿಷ್ಠ ಐನೂರು.
ಐನೂರು ಇನಾಸರನ್ನು ಎಲ್ಲಿಂದ ತರಲಿ?
ಒಬ್ಬನ ಬಾಕಿಯೇ ಇನ್ನೂ ತೀರಿಲ್ಲ.

ಅಪ್ಪ ಬೈತಖೋಲದಲ್ಲಿ ದೋಣಿ ಕಟ್ಟುತ್ತಿದ್ದ.
ಒಬ್ಬನಿಗೆ ಎಲೆಯಡಿಕೆ ಇಡಲು ಗೂಡು,
ಇನ್ನೊಬ್ಬನಿಗೆ ಮೂತಿಯ ಮೇಲೆ ಹೆಂಡತಿಯ ಕಣ್ಣು,
ಅವಳನ್ನು ನೋಡದೆ ಬಿಡಿಸಬೇಕು, ಅದೂ ಷರತ್ತು.
ಎಲ್ಲದಕ್ಕೂ ಹ್ಞೂಂ ಅನ್ನುತ್ತಿದ್ದ.
ಗಿರಾಕಿ ಮರೆಯಾದ ಮೇಲೆ ನನಗೆ:
ಮೊದಲು ನೀರು ಕೇಳಿದ್ದು ಕೊಡು ಮಗಾ,
ಉಳಿದ ಹಲಗೆಯಲ್ಲಿ ಇವನು ಕೇಳಿದ್ದು.

ನನ್ನ ಅಂಗಡಿಗೆ ನೀರು ಗಾಳಿಯಾಗಿ ಬರುತ್ತದೆ.
ಹದಿನೈದು ದಿನಕ್ಕೆ ತಂತಿ ಕೆಂಪು, ಸ್ಕ್ರೂ ತಲೆ ಹಸಿರು.
ನಿಮ್ಮ ಪೆಟ್ಟಿಗೆ ಒಡೆದ ಕೂಡಲೇ
ಸ್ಕ್ರೂ ಎಲ್ಲ ಬಿಚ್ಚಿ ಸ್ಟೀಲಿನವು ಹಾಕುತ್ತೇನೆ.
ಅದಕ್ಕೆ ಬಿಲ್ಲಿಲ್ಲ.
ಕಡಲು ಫಾರ್ಮು ತುಂಬುವುದಿಲ್ಲವಲ್ಲ.

ಒಂದು ಮಾತು ಕೇಳಬೇಕಿತ್ತು.
ನೇವಿ ಹುಡುಗನದನ್ನು ಬಿಚ್ಚಿದ ದಿನ
ಪ್ಲಾಸ್ಟಿಕ್ ತಟ್ಟೆಯ ಅಡಿಯಲ್ಲಿ ಕೆರೆಯಷ್ಟು ಗುಳಿ ಕಂಡೆ,
ಯಾರು ಯಾವ ಪಿಕಪ್ ಕೇಳಿದರೂ ಹಿಡಿಯುವಷ್ಟು.
ಹಾಗಾದರೆ ನಿಮಗೂ ಗೊತ್ತಿತ್ತು.
ಕೊರೆದು, ಜಾಗ ಮಾಡಿ,
ಮೇಲೆ ಬಿಳಿ ತಟ್ಟೆ ಮುಚ್ಚಿ,
ಅವಕಾಶವಿಲ್ಲ ಅಂದಿರಿ.
ಕತ್ತಿನ ಬುಡದಲ್ಲಿ ಪೆನ್ಸಿಲಿನ ಗುರುತಿತ್ತು:
ಸೊಟ್ಟನೆಯ ಒಂದು "ರ", ಒಂದು ತಾರೀಕು.
ನಿಮ್ಮ ಸಾಲಿನಲ್ಲಿ ನಿಂತ ಯಾರೋ.
ಉಜ್ಜಲಿಲ್ಲ ನಾನು.

ಮೊನ್ನೆ ರೋಹಿದಾಸ ತಾಂಡೇಲ ಬಂದ.
ಟ್ರಾಲರಿನ ವಿಂಚು ಉಂಗುರದ ಬೆರಳಿನ
ಎರಡು ಗೆಣ್ಣು ಇಟ್ಟುಕೊಂಡಿದೆ.
ಗೋಡೆಯ ಮೇಲಿನ ಯಾವುದನ್ನೂ ಕೇಳಲಿಲ್ಲ,
ಎಡಗೈಯನ್ನು ಗಾಜಿನ ಮೇಲಿಟ್ಟು
ಇದಕ್ಕೆ ಯಾವುದಾಗುತ್ತದೆ, ಅಂದ.

ನಾಲ್ಕು ಸಂಜೆ ಕತ್ತು ಕೆತ್ತಿದೆ.
ತೆಳ್ಳಗೆ, ಒಂದು ಮಗ್ಗುಲಿಗೆ ಇನ್ನೂ ತೆಳ್ಳಗೆ,
ಅಪ್ಪನ ಉಳಿಯಿಂದ, ಆಮೇಲೆ ಗಾಜಿನ ಚೂರಿನಿಂದ.
ಕರೆಂಟು ಹೋದಾಗ ಬೆರಳಿನಿಂದಲೇ ನೋಡಿದೆ.
ಅವನು ಹಿಡಿದ, ಬಾರಿಸಿದ, ನಿಲ್ಲಿಸಿದ,
ಮತ್ತೆ ಬಾರಿಸಿದ.
ಹೊರಗೆ ಮೀನು ಮಾರುವವಳು ಬುಟ್ಟಿ ಇಳಿಸದೆ ನಿಂತಳು.

ಈಗ ಥ್ಯಾಂಕ್ಸ್ ಅನ್ನುತ್ತಾನೆ ಅಂದುಕೊಂಡೆ.
ತಿರುಗಿಸಿ ಬೆನ್ನು ನೋಡಿದ.
ಎಲ್ಲಾ ಸರಿ ಬಾಯಿ, ಅಂದ,
ಹಸಿರು ಸಿಗುವುದಿಲ್ಲವೇ?

ಆದ್ದರಿಂದ ಈ ಸಲ ನಿಮ್ಮ ಫಾರ್ಮಿನಲ್ಲಿ
ಮೂರು ಚೌಕದ ಪಕ್ಕ ನಾಲ್ಕನೆಯದನ್ನು
ನಾನೇ ಪೆನ್ನಿನಲ್ಲಿ ಎಳೆದಿದ್ದೇನೆ, ಕೊಂಚ ಸೊಟ್ಟ.
ಹಸಿರು. ಅವನ ದೋಣಿಯದು,
ಬಣ್ಣದ ಸಿಪ್ಪೆಯನ್ನು ಪಿನ್ನಿನಲ್ಲಿ ಲಗತ್ತಿಸಿದೆ.
ಸಂಖ್ಯೆ: ಒಂದು.
ಷರಾ: ಇಲ್ಲ.