ಬಂದ್ ಮಾಡೋ ವಿದ್ಯಾ

ಎಟಿಎಂ ಕಾಯೋನ ಕೈಯಾಗ ಲಾಠಿ ಇರಬೇಕು,
ನನ್ನ ಕೈಯಾಗ ಎರಡು ಸಲಾಯಿ.
ನೌಬಾದದ ಈ ಗಾಜಿನ ಡಬ್ಬಿಯೊಳಗ
ರಾತ್ರಿ ಹತ್ತರಿಂದ ಮುಂಜಾನಿ ಆರರತನಕ
ರೊಕ್ಕ ಮಷೀನಿನ ಹೊಟ್ಟ್ಯಾಗ,
ಊಲು ಟಿಫಿನ್ ಚೀಲದಾಗ.
ಯಾರರ ಬಂದ್ರ ಕುರ್ಚಿ ಕೆಳಗ ಸರಸ್ತೀನಿ,
ಬೀಡಿ ಮುಚ್ಚಿಡೋ ಹುಡುಗ್ರಂಗ.

ಕಲಿಸಿದಾಕಿ ಬಲಜೀತಬಾಯಿ,
ಏರ್‌ಫೋರ್ಸ್ ಕ್ವಾರ್ಟರ್ಸಿನಾಗ
ನಾ ಗಿಡಕ್ಕ ನೀರು ಹಾಕೋ ಮುಂದ.
"ದಸ್ ಘರ್ ಡಾಲೋ, ಘಾಳೆಪ್ಪಾ" ಅಂದ್ಲು.
ಹತ್ತು ಮನಿ ನಾ ಎಲ್ಲಿಂದ ತರ್ಲಿ,
ಇರೋ ಒಂದಕ್ಕೇ ಪತ್ರಾ ಸೋರ್ತದ.
ನಕ್ಕಳು. ಕಡ್ಡಿಗಿ ದಾರ ಸುತ್ತಿ ತೋರಿಸಿದ್ಲು:
ಇದೊಂದು ಮನಿ, ಇದರ ಮಗ್ಗಲಾಗ ಇನ್ನೊಂದು.
ಸೀದಾ, ಉಲ್ಟಾ, ಸೀದಾ, ಉಲ್ಟಾ,
ಏರಸೋದು, ಇಳಸೋದು, ಎಲ್ಲ ಕಲಿಸಿದ್ಲು.
ಬಂದ್ ಮಾಡೋದು ಸೋಮವಾರ ಅಂದ್ಲು.
ಶನಿವಾರ ಲಾರಿ ಬಂತು, ಸಾಮಾನು ಏರ್ತು,
ಜೋಧಪುರಕ್ಕೋ ಎಲ್ಲಿಗೋ ಬದಲಿ.

ಹಂಗಾಗಿ ನನಗ ಸುರು ಮಾಡೋದು ಬರ್ತದ,
ಮುಗಿಸೋದು ಬರಂಗಿಲ್ಲ.

ಮೊದಲ್ನೇ ಮಫ್ಲರ್ ಮೂರು ಮಳ ಆಯ್ತು, ಐದಾಯ್ತು.
ಕಡ್ಡಿ ತಗದ್ರ ಬಿಚ್ಚಿಕೋತದ,
ತಗೀದಿದ್ರ ಬೆಳೀತದ.
ಹನ್ನೊಂದು ಮಳಕ್ಕ ತೇಜಮ್ಮ ಕೇಳಿದ್ಲು,
"ಇದೇನ್ ಕೊರಳಿಗೋ, ಬಾವಿಗೋ?"
ಕಡ್ಡಿ ಸಮೇತ ಗ್ವಾಡಿಗಿ ತೂಗಹಾಕಿದೆ.

ಆಮ್ಯಾಲ ಆಕಿಗೇ ಸ್ವೆಟರ್ ಹಿಡದೆ.
ಬದ್ನಿಕಾಯಿ ಬಣ್ಣ, ಉಸ್ಮಾನಗಂಜದಾಗ ಎಂಟು ಲಡಿ.
ಮೊದಲ್ನೇ ಥಂಡಿಗೆ ಬೆನ್ನಾಯ್ತು,
ಬಂದ್ ಮಾಡಲಿಕ್ಕ ಬರದ ದಾರಕ್ಕ ಪೋಣಿಸಿ ಇಟ್ಟೆ.
ಎರಡನೇ ಥಂಡಿಗೆ ಎದಿ.
ಹದಿನೇಳನೇ ಸಾಲಿನಾಗ ಒಂದು ಮನಿ ಬಿದ್ದಿತ್ತು,
ಕಣ್ಣಿಗೆ ಬಿದ್ದದ್ದು ಅರವತ್ತನೇ ಸಾಲಿಗೆ.
ಮ್ಯಾಲಿನವೆಲ್ಲ, ಪಾಪ, ಅದನ್ನೇ ನೆಚ್ಚಿ ನಿಂತಿದ್ವು.
ಬಿಚ್ಚಿದೆ. ಮಷೀನಿನ ನೀಲಿ ಬೆಳಕಿನಾಗ
ಊಲು ಶಾವಿಗಿ ಹಂಗ ಸುಕ್ಕು ಸುಕ್ಕು,
ನೆಟ್ಟಗ ಆಗಲಿಕ್ಕ ತಯಾರಿಲ್ಲ,
ತಾ ಏನಾಗಿದ್ದೆ ಅನ್ನೋದು ಅದಕ್ಕಿನ್ನಾ ನೆನಪದ.

ಮೂರನೇ ಥಂಡಿಗೆ ಇಲಿ. ಆ ಮಾತು ಬ್ಯಾಡ.

ಒಂದು ತೋಳಾಯ್ತು.
ಎರಡನೇ ತೋಳಿನಂಥ ಬ್ಯಾಸರದ ಕೆಲಸ ಇನ್ನೊಂದಿಲ್ಲ,
ಹೇಳಿದ ನಗಚಾಟಿಕಿ ಮತ್ತ ಹೇಳ್ದಂಗ.
ದಾರ ಜೋತಾಡೋ ಒಂಟಿ ತೋಳಿನಾಗ ಕೈ ತೂರ್ಸಿ
ತೇಜಮ್ಮ ಅಂದ್ಲು, "ಸಾಕು ಬಿಡ್ರಿ,
ಇನ್ನೊಂದು ಕೈಲೆ ರೊಟ್ಟಿ ಬಡೀತೀನಿ,
ಅದಕ್ಕ ಥಂಡಿ ಹತ್ತಂಗಿಲ್ಲ."

ಈ ಸಲ ಸಂಕ್ರಾಂತಿ ಆದಮ್ಯಾಲ, ರಾತ್ರಿ ಎರಡು ಗಂಟಿ,
ಗುರುದ್ವಾರದ ಕಡಿಂದ ಒಬ್ಬ ಮುದಕ ಲಾರಿ ಡ್ರೈವರ್ ಬಂದ.
ರೊಕ್ಕ ಬರ್ಲಿಲ್ಲ, ಮಷೀನ್ ಖಾಲಿ.
ನಾ ಚೀಲ ಸರಸೋದು ಮರ್ತಿದ್ದೆ.
ಕಡ್ಡಿ ನೋಡ್ದ. ನನ್ನ ನೋಡ್ದ.
ಮಾತಿಲ್ಲದ ನೆಲಕ್ಕ ಕೂತ.
ಎಂಟು ವರ್ಷದ ಮಾತು ಒಂದೇ ಉಸುರಿಗೆ ಕೇಳಿದೆ:
ಇದನ್ನ ಬಂದ್ ಹೆಂಗ ಮಾಡೋದು?

ಅವನ ಅವ್ವ ಕಲಿಸಿದ್ಲಂತ.
ಎರಡು ಹೆಣಿ. ಮೊದಲಿಂದನ್ನ ಎತ್ತಿ
ಎರಡನೇದರ ತಲಿ ದಾಟಸು. ಒಂದುಳೀತು.
ಮತ್ತೊಂದು ಹೆಣಿ. ಮತ್ತ ದಾಟಸು.
ಒಂದು ಮನಿ ಇನ್ನೊಂದರ ಹೆಗಲಿಂದ ಇಳದು
ಸುಮ್ಮ ಕೂಡ್ತದ.
ಕಡೀದರಾಗ ದಾರ ತೂರ್ಸಿ ಎಳಿ.
ಅಷ್ಟೇ.
ಚಾ ಕುಡ್ಯೋದ್ರೊಳಗ ಮುಗೀತು ಪಾಠ.
ನನಗ ಯಾಕೋ ಸಿಟ್ಟು ಬಂತು,
ಇಷ್ಟ ಸಣ್ಣದಿತ್ತೇನು ಅದು.

ಎರಡನೇ ತೋಳು ಮುಗಿಯೋದ್ರೊಳಗ ಶಿವರಾತ್ರಿ ಬಂತು,
ಶಿವ ಶಿವಾ ಅನ್ಕೋತ ಥಂಡಿ ಓಡಿಹೋಯ್ತು.
ಎಡತೋಳು ನಾಕು ಬೆರಳು ಉದ್ದ.
ಆಕಿ ಮಡಚಿದ್ಲು, ಮಡಿಕಿಯೊಳಗ
ಹತ್ತರ ನೋಟೊಂದು ತುರುಕಿದ್ಲು,
ಫ್ಯಾನ್ ತಿರುಗೋ ಮನ್ಯಾಗಿಂದ
ಹಣಿ ಬೆವರು ಒರಸ್ಕೋತ
ಬಾಜೂಮನಿ ರಹಮತಬೀ ಹಂತ್ಯಾಕ
ಕರಿಬೇವು ಕೇಳಲಿಕ್ಕ ಹೋದ್ಲು.

ಗಿಡ ನಮ್ಮ ಅಂಗಳದಾಗೇ ಅದ.
ಇನ್ನಾ ಬಂದಿಲ್ಲ ಆಕಿ.

ನಾ ಗ್ವಾಡಿ ಕಡಿ ನೋಡಿದೆ. ಹನ್ನೊಂದು ಮಳ.
ಇಳಸಲಿಲ್ಲ.