ಹದಿಮೂರರ ಪಾನಾ

ಸೀಮೆಸುಣ್ಣ ತಗೊಂಡು ಶೆಡ್ಡಿನ ಬಾಗಲಕ್ಕ
'ಲೇಥು, ಸಾಮಾನು ಮಾರೂದೈತಿ' ಅಂತ ಬರದೆ.
ಬರದು ಹಿಂದ ಸರಿದು ನಾನಽ ಎರಡ ಸಲ ಓದಿದೆ,
ಬ್ಯಾರೆಯವರ ಬಾಗಲದಂಗ.

ಮೊದಲ ಬಂದಾಂವ ಗುಜರಿಯ ಮಕ್ತುಮ.
ಒಂದು ಸುತ್ತ ಹಾಕಿ, ಬೆಡ್ಡಿನ ಮ್ಯಾಲೆ ಅಂಗೈ ಇಟ್ಟು
'ಬೀಡಽ ಇದು ಮೋನಪ್ಪ ಮಾಮಾ, ಕಿಲೋ ಲೆಕ್ಕ' ಅಂದ.
ಚಾ ಕುಡಿಸಿ ಕಳಿಸಿದೆ.

ಆಮ್ಯಾಲೆ ಗೋಕುಲ ರೋಡಿನ ಹುಡುಗರಿಬ್ಬರು.
'ಕಂಪ್ಯೂಟರ ಹೇಳಿದಂಗ ಕೇಳತೈತೇನ್ರಿ ಇದು?'
ಇಲ್ಲಪಾ,
ಇದು ಹೇಳತೈತಿ. ನಾವು ಕೇಳಬೇಕು.
ನಕ್ಕರು, ಫೋಟೋ ಹೊಡಕೊಂಡ ಹೋದರು.

ಮೂರನೇ ದಿನ ಬ್ಯಾಡಗಿಯಿಂದ ಕಸ್ತೂರೆವ್ವ ಮೋಟೆಬೆನ್ನೂರ.
ಖಾರ ಕುಟ್ಟೂ ಮಷೀನು ರಿಪೇರಿ ಮಾಡಾಕಿ.
ಅಕಿ ಒಳಗ ಕಾಲಿಟ್ಟಳು, ನನಗ ಸೀನು ಬಂತು.
ರೇಟು ಕೇಳಲಿಲ್ಲ.
'ಚಾಲೂ ಮಾಡ್ರಿ' ಅಂದಳು.
ಚೀಲದಾಗಿನ ಒಂದು ರೂಪಾಯಿ ತಗದು
ಹೆಡ್‌ಸ್ಟಾಕಿನ ನೆತ್ತಿ ಮ್ಯಾಲೆ ಅಂಚಿಗೆ ನಿಲ್ಲಿಸಿದಳು.

ಮೊದಲನೇ ಸ್ಪೀಡಿಗೆ ನಿಂತಿತ್ತು.
ಎರಡನೇದಕ್ಕೂ ನಿಂತಿತ್ತು.
ಮೂರನೇ ಪುಲ್ಲಿಗೆ ಬೆಲ್ಟ್ ಏರಿಸುವಾಗ
ಪರೀಕ್ಷೆಕ್ಕ ಕೂತಾಂವ ನಾನಽ ಅನಿಸಿತು.
ರೂಪಾಯಿ ನಡಗಿತು, ಹೊಳ್ಳಿತು,
ಕಬ್ಬಿಣದ ಪುಡಿಯಾಗ ಬಿದ್ದು ಮರಿಯಾತು.
'ಹಿಂದಿನ ಬೇರಿಂಗು.'
ಹೌದು ಅಂದೆ.

ಆಗ ನನಗೇನಾತೋ, ತಡೀಲಾರದ ಹೇಳಿದೆ:
ಇನ್ನೊಂದ ಕೇಳವಾ. ಈ ಅಡ್ಡ ಹಿಡಿಕಿ
ಹೊಳ್ಳಿ ತಿರುಗಿಸಿದಾಗ ಕಾಲು ಸುತ್ತು ಖಾಲಿ ಹೋಗತೈತಿ.
ಡಯಲ್ಲಿನ ಮ್ಯಾಲೆ ಅದು ಇಲ್ಲ.
ಇಪ್ಪತ್ತಾರು ವರ್ಷ ನನ್ನ ಮಣಿಕಟ್ಟಿನಾಗ ಇತ್ತು.
ಈಗ ಕೈ ನಡಗತೈತಿ,
ವರ್ನಿಯರಿನ ಎರಡು ಗೀರು ಒಂದಽ ಕಾಣತಾವ.
ಮಷೀನ ಕೊಡಬಹುದು. ಅದನ್ನ ಹೆಂಗ ಕೊಡ್ಲಿ?

ಅಕಿ ಹಿಡಿಕಿ ಹಿಡಿದು ಕಣ್ಣು ಮುಚ್ಚಿದಳು,
ಹಿಂದ, ಮುಂದ, ಹಿಂದ.
'ಸಿಕ್ಕತು ಬಿಡ್ರಿ.'
ಬೇರಿಂಗಿಗೆ ನಾಕ ಸಾವಿರ ಮುರಕೊಂಡಳು.
ಕಾಲು ಸುತ್ತಿಗೆ ಒಂದ ಪೈಸಾ ಹಿಡೀಲಿಲ್ಲ.

ಟೆಂಪೋಕ್ಕ ಏರಿಸಾಕ ಏಳು ಮಂದಿ, ಎರಡು ಪೈಪು, ಒಂದು ಹಗ್ಗ,
ಮತ್ತ ಎಲ್ಲಾರಿಗೂ ಬುದ್ಧಿ ಹೇಳಾಕ ಇಡೀ ಗಂಟಿಕೇರಿ ಓಣಿ.
ಗ್ರೈಂಡರು, ವೈಸು, ಅರಗಳ ಡಬ್ಬಿ,
ಆರರಿಂದ ಮೂವತ್ತೆರಡರ ತನಕ ಪಾನಾ.
ಹದಿಮೂರು ಇಲ್ಲ ಅಂತ ಮೊದಲಽ ಹೇಳಿದ್ದೆ.
'ನಂದು ಒಂದೈತ್ರಿ' ಅಂದಳು.

ಮರುದಿನ ಸಂಜಿಕ್ಕ, ರೈಲ್ವೆ ವರ್ಕ್‌ಶಾಪಿನ ಭೋಂಗಾ ಆದ ಮ್ಯಾಲೆ
ಕೇಶ್ವಾಪುರದ ಝೇವಿಯರ್ ಬಂದ,
ಪೇಪರಿನಾಗ ಏನೋ ಸುತಗೊಂಡು.
ಬಿಚ್ಚಿದರ ನನ್ನ ಹದಿಮೂರು.
ಹಿಡಿಕಿ ಮ್ಯಾಲೆ ನಾನಽ ಕೊರದ 'ಮೋ' ಹಂಗಽ ಐತಿ.
'ಮಾರತೀ ಅಂತ ಗೊತ್ತಾತು.
ಇದರ ಸಲುವಾಗಿ, ಖರೇ ಹೇಳತೀನಿ,
ಮೂವತ್ತು ವರ್ಷ ನಿಮ್ಮ ಓಣ್ಯಾಗ ಬಂದಿಲ್ಲ.
ದುರ್ಗದಬೈಲಿಗೆ ಹೋಗಬೇಕಂದರೂ ಸುತ್ತ ಹಾಕಿ ಹೋಗತಿದ್ದೆ.'

ಬೈಬೇಕಂತ ಬಾಯಿ ತಗದೆ.
ಅವನ ಹಲ್ಲು ಉದರಿದ್ದುವು, ನನ್ನವೂ.
ಶೆಡ್ಡಿನಾಗ ಇಬ್ಬರೂ ನೆಲದ ಮ್ಯಾಲೆ ಕೂತಿವಿ,
ಲೇಥಿನ ಕಾಲಿದ್ದ ನಾಕು ಎಣ್ಣಿ ಕಲಿ ನಡುವ.
ರೂಪಾಯಿ ಅಲ್ಲೇ ಬಿದ್ದಿತ್ತು.

ಅಂವ ಹೋದ ಮ್ಯಾಲೆ ಪಾನಾ ಕೈಯಾಗಽ ಉಳೀತು.
ಹದಿಮೂರರ ನಟ್ಟು ಎಲ್ಲೈತಿ ಅಂತ
ಮನಿ ತುಂಬ ಹುಡಿಕಿದೆ. ಗೇಟಿಗೆ ಹದಿನೇಳು.
ಹೊಲಿಗಿ ಮಷೀನಿಗೆ ಹತ್ತು.
ಮಂಚದ ಕಾಲಿಗೆ, ಕೆಳಗ ಬಗ್ಗಿ ನೋಡಿದರ, ಹದಿಮೂರು.
ಬಿಗಿ ಮಾಡಿದೆ,
ರೂಢಿಗೆ ಕಾಲು ಸುತ್ತು ಹೆಚ್ಚಿಗೇನಽ ತಿರುಗಿಸಿದೆ.

ಮನ್ಯಾಕಿ ದೀಪ ಆರಿಸಿ ಮಗ್ಗಲಾದಳು.
ಕಿರ್ ಅನ್ನಲಿಲ್ಲ.
ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು:
'ಊರಾಗಿನ ಮಷೀನೆಲ್ಲಾ ರಿಪೇರಿ ಮಾಡಿದಿರಿ.
ಇದರ ಪಾಳಿ ಇವತ್ತ ಬಂತೇನು?'