ಎಂಬತ್ತೆಂಟು

ಗಾಜು ತೊಳೆಯುವುದು ನನ್ನ ಕೆಲಸ.
ಮಡಿಕೇರಿ ಕಾಲೇಜು, ಎರಡನೇ ಮಹಡಿ, ಕೊನೆಯ ಕೋಣೆ.
ಯಂತ್ರ ನಮ್ಮಲ್ಲಿಲ್ಲ. ಸೀಸೆ ಮೈಸೂರಿಗೆ ಹೋಗುತ್ತದೆ
ಹತ್ತಿ ಸುತ್ತಿಕೊಂಡು, ಬಿಸ್ಕತ್ತಿನ ಡಬ್ಬಿಯೊಳಗೆ,
ಬೆಳಗಿನ ಬಸ್ಸಿನ ಡ್ರೈವರನ ಕಾಲ ಬುಡದಲ್ಲಿ.
ಹದಿನೈದು ದಿನಕ್ಕೆ ಬರುವುದು ಬರೀ ಕಾಗದ.
ಅದನ್ನು ಇಪ್ಪತ್ತೆರಡು ಜೆರಾಕ್ಸು ಮಾಡಿಸಿ ತರುವವನೂ ನಾನೇ.

ಇಪ್ಪತ್ತಮೂರನೆಯದು ನನ್ನ ಖರ್ಚು.

ಚೋಂದಮ್ಮ ಮೇಡಂ ಒಂದು ದಿನ ಕಂಡುಬಿಟ್ಟರು.
ಬೈಯಲಿಲ್ಲ, ಪೆನ್ಸಿಲು ಕೊಟ್ಟರು.
"ಓದು ಬೆಳ್ಯಪ್ಪ. ಮೊದಲು ತೂಕ ಕೇಳು, ಹೆಸರು ಆಮೇಲೆ."
ತೂಕ ಎಂಬತ್ತೆಂಟು.
ನಾಲ್ಕು ಇಂಗಾಲ, ಎಂಟು ಜಲಜನಕ, ಎರಡು ಆಮ್ಲಜನಕ.
ಸಾಮಾನು ಇಷ್ಟೇ. ಮನೆ ಹೇಗೆ ಕಟ್ಟಿದೆಯೋ ಗೊತ್ತಿಲ್ಲ.

ಎರಡನೆಯ ಹಾಳೆಯಲ್ಲಿ ಬೆಟ್ಟಗಳೆಲ್ಲ ತಲೆಕೆಳಗು.
ಸಾವಿರದ ಏಳುನೂರ ನಲವತ್ತರಲ್ಲಿ ಒಂದು ಆಳ,
ಹಗ್ಗ ಹರಿದ ಕೊಡ ಬಾವಿಗೆ ಬಿದ್ದ ಹಾಗೆ ನೆಟ್ಟಗೆ.
ಅಲ್ಲಿ ಇಂಗಾಲವನ್ನು ಆಮ್ಲಜನಕ
ಎರಡೂ ಕೈಯಲ್ಲಿ ಹಿಡಿದುಕೊಂಡಿದೆಯಂತೆ.
ಮೂರು ಸಾವಿರದ ನಾನೂರರ ಸುತ್ತ ಬಯಲು, ಏನೂ ಇಲ್ಲ.
"ಇಲ್ಲದ್ದನ್ನೂ ಬರೆದುಕೋ" ಅಂದರು.
ಇಪ್ಪತ್ತು ವರ್ಷದ ನೌಕರಿಯಲ್ಲಿ
ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಮೂರನೆಯದು ಪ್ರೋಟಾನುಗಳ ಹಾಳೆ.
ಇಲ್ಲಿ ಯಾರೂ ತಮ್ಮ ಸುದ್ದಿ ಹೇಳುವುದಿಲ್ಲ,
ನೆರೆಮನೆಯ ಲೆಕ್ಕ ಹೇಳುತ್ತಾರೆ.
ಪಕ್ಕದಲ್ಲಿ ಇಬ್ಬರಿದ್ದರೆ ಮೂರಾಗಿ ಸೀಳು,
ಮೂವರಿದ್ದರೆ ನಾಲ್ಕಾಗಿ,
ನೆರೆಯೇ ಇಲ್ಲದವರಿಗೆ ಒಂದೇ ಗೀಟು, ಉದ್ದಕ್ಕೆ.

ಸಂಜೆ ಸುಂಟಿಕೊಪ್ಪದ ಬಸ್ಸಿನಲ್ಲಿ
ಮಡಿಲಲ್ಲಿ ಕೋಳಿಮರಿಯ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ
ನನ್ನ ಹೆಸರು ಕೇಳಲಿಲ್ಲ.
ಯಾವ ಮನೆ? ತಾಯಿಯ ತವರು ಎಲ್ಲಿ?
ಚಿಕ್ಕಮ್ಮನನ್ನು ಕೊಟ್ಟದ್ದು ಯಾರಿಗೆ?
ಬೋಯಿಕೇರಿ ದಾಟುವುದರೊಳಗೆ
"ಓ, ಬಾವಿ ತೋಡುವಾಗ ಕಾಲು ಮುರಿದುಕೊಂಡವನ ಮಗ"
ಎಂದು ನನ್ನನ್ನು ಪೂರ್ತಿ ಬಿಡಿಸಿ ಮುಗಿಸಿದ್ದಳು.
ಇಳಿಯುವಾಗಲೂ ಹೆಸರು ಕೇಳಲಿಲ್ಲ.

ರಾತ್ರಿ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದೆ:
ನಾಲ್ಕಾಗಿ ಸೀಳಿದ ಇಬ್ಬರು, ಮೂರಾಗಿ ಸೀಳಿದ ಮೂವರು, ಅಕ್ಕಪಕ್ಕ.
ಒಂಟಿ ಗೀಟಿನವರು ಆಮ್ಲಜನಕದಾಚೆ.
ಕೂಡಿಸಿದೆ, ಎಂಬತ್ತೆಂಟು. ಇನ್ನೊಮ್ಮೆ ಕೂಡಿಸಿದೆ, ಎಂಬತ್ತೆಂಟು.
ಖುಷಿಗೆ ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಮೇಡಂ ಬಹಳ ಹೊತ್ತು ನೋಡಿದರು.
"ಸಾಮಾನೆಲ್ಲ ಸರಿ. ಮನೆಯನ್ನು ಹಿಂದುಮುಂದು ಮಾಡಿ ಇಟ್ಟಿದ್ದೀ."
ನಾಲ್ಕು ಗೀಟಿನ ಗುಂಪಿನ ಕೆಳಗೆ ಉಗುರು ಒತ್ತಿದರು:
ನಾಲ್ಕು ಪಾಯಿಂಟ್ ಒಂದು.
"ಇಷ್ಟು ಎಡಕ್ಕೆ ಸರಿದು ನಿಲ್ಲಬೇಕಾದರೆ
ಯಾರ ಮಗ್ಗುಲಲ್ಲಿ ಕೂತಿರಬೇಕು ಹೇಳು?"
ಆಮ್ಲಜನಕ ಎಳೆಯುತ್ತದೆ.
ಒಂಟಿ ಗೀಟು ಎರಡರ ಹತ್ತಿರವೇ ಇತ್ತು,
ನಾನು ಹೇಳಿದ ಕಡೆ ಇದ್ದಿದ್ದರೆ ಮೂರೂವರೆ ದಾಟಬೇಕಿತ್ತು.

ಎಷ್ಟು ಮಂದಿ ಎಂದು ಎಣಿಸಿದ್ದೆ.
ಎಲ್ಲಿ ನಿಂತಿದ್ದಾರೆ ಎಂದು ನೋಡಿರಲಿಲ್ಲ.

ಅಳಿಸಿದೆ. ಕಾವಲಿಯ ಮೇಲೆ ಅಕ್ಕಿ ರೊಟ್ಟಿ ಮಗುಚಿದಂತೆ
ಎಸ್ಟರನ್ನು ಮಗುಚಿ ಹಾಕಿದೆ.
ಈಥೈಲ್ ಅಸಿಟೇಟ್.
ಚೀಟಿಯಿಲ್ಲದ ಆ ಸೀಸೆ ಕಪಾಟಿನ ಕೆಳಗಿನ ಹಲಗೆಯಲ್ಲಿತ್ತು,
ನಾನೇ ಎಷ್ಟೋ ಸಲ ಧೂಳು ಒರೆಸಿಟ್ಟದ್ದು.
ಬಿರಡೆ ತೆಗೆದೆ. ಕಳಿತು ಬಿದ್ದ ಹಲಸಿನ ಘಾಟು,
ಮೂಗಿಗೆ ಎಂದೋ ಗೊತ್ತಿದ್ದದ್ದು.
"ಮೂಸಿ ಹೇಳಿದ್ದರೆ ಮಾರ್ಕು ಕೊಡುತ್ತಿರಲಿಲ್ಲ" ಎಂದು ಮೇಡಂ ನಕ್ಕರು.

ಈ ವಾರ ಹೊಸ ಕಾಗದ ಬಂದಿದೆ.
ತೂಕ ನೂರ ತೊಂಬತ್ತನಾಲ್ಕು.
ಸಾರಜನಕವೇ ನಾಲ್ಕು.
ಮೂರು ಎತ್ತರದ ಗೀಟು, ದೂರ ಎಡಕ್ಕೆ ಒಂದು ಗಿಡ್ಡ,
ಯಾರೊಬ್ಬರಿಗೂ ನೆರೆಯಿಲ್ಲ.
ಇದ್ಯಾವ ಮನೆಯವನಪ್ಪಾ ಎಂದುಕೊಂಡು
ಕೈಯಲ್ಲಿ ಬೆಲ್ಲದ ಕಾಪಿ ಆರುವವರೆಗೂ
ಹಾಗೇ ಕೂತಿದ್ದೇನೆ.